ಗ್ಲಿಸರಿನ್ ಬಾಟಲಿಯ ಪರವಾಗಿ ನಾಲ್ಕು ಮಾತು

ಹುಡುಗನೊಬ್ಬ ಮೈಗೆ ಹಚ್ಚುವ ಕ್ರೀಮಿನ ಬಗ್ಗೆ ಬರೆದರೆ ಓದುವವರು ನಗ್ತಾರೆ ಅಂತ ಗೊತ್ತು. ನಗ್ರಿ, ಪರವಾಗಿಲ್ಲ :-) ಆದ್ರೆ ಈ ವಿಷಯ ಕೆಲವು ತಿಂಗಳಿಂದ ತಲೆ ಕೊರೀತಾ ಇದೆ. ಬರೆದು ಮುಗಿಸಿದರೇ ಸಮಾಧಾನ.

ಈಗ ಎಲ್ಲಿ ನೋಡಿದರೂ ಹೈಡ್ರೇಶನ್ ಅನ್ನೋ ಮಂತ್ರ. ನಮ್ಮ ಆಫೀಸಿನಲ್ಲಿ ಊಟಕ್ಕೆ ಕೂತರೆ ಮೊದಲೆಲ್ಲ ಸೈಟಿನ ರೇಟು, ಶೇರು ಮಾರ್ಕೆಟ್ಟು, ಯಾರು ಪೇಪರ್ ಹಾಕಿದ್ರು ಅನ್ನೋ ಮಾತು ಬರ್ತಿತ್ತು. ಈಗ ಅದರ ಜೊತೆ ಹಯಲುರೊನಿಕ್ ಆಸಿಡ್ಡು, ಸೆರಮೈಡು, ಬಸವನಹುಳದ ಲೋಳೆ. ಹೌದು ಕಣ್ರೀ, ಬಸವನಹುಳದ ಲೋಳೇನೇ, ಕೊರಿಯಾದಿಂದ ಬರುತ್ತೆ. ನಮ್ಮ ಟೀಮಿನ ಹುಡುಗಿಯೊಬ್ಬಳು ಬೆಳಿಗ್ಗೆ ಯಾವ ಬಾಟಲಿ, ರಾತ್ರಿ ಯಾವ ಬಾಟಲಿ, ಯಾವುದಾದ ಮೇಲೆ ಯಾವುದು ಅಂತ ಎಕ್ಸೆಲ್ ಶೀಟೇ ಮಾಡಿಟ್ಟುಕೊಂಡಿದ್ದಾಳೆ. ನಾವು ಪ್ರೊಡಕ್ಷನ್ ರಿಲೀಸಿಗೂ ಅಷ್ಟು ಚೆನ್ನಾದ ಶೀಟ್ ಮಾಡಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಚರ್ಮದ ತೇವ ಉಳಿಸಿಕೊಳ್ಳೋದು ಶೋಕಿ ಅಲ್ಲ, ಹಲ್ಲುಜ್ಜೋ ಹಾಗೆ ದಿನದ ಕೆಲಸ. ಅದಕ್ಕೆ ಬೇಕಾದ ಸಾಮಾನು ನೂರು ವರ್ಷಕ್ಕೂ ಹಳೇದು, ಅಗ್ಗದ್ದು, ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಅದನ್ನೇ ಸಣ್ಣ ಬಾಟಲಿಗೆ ತುಂಬಿ, ದೊಡ್ಡ ರೇಟು ಹಾಕಿ, ಇಪ್ಪತ್ತೈದರ ವಯಸ್ಸಿನವರಿಗೆ ಮಾರ್ತಾ ಇರೋದರಿಂದ, ನಿಜವಾಗಿ ಅದು ಬೇಕಾಗಿರೋ ಎಪ್ಪತ್ತೈದರ ಅಜ್ಜಿಯರಿಗೆ ಇದು ತಮಗೆ ಸಂಬಂಧಪಟ್ಟದ್ದು ಅಂತ ಅನ್ನಿಸೋದೇ ಇಲ್ಲ. ನನ್ನ ತಕರಾರು ಇಷ್ಟೇ.

ಸ್ವಲ್ಪ ಥಿಯರಿ, ಬೋರು ಹೊಡೆಸಲ್ಲ.

ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಹೆಚ್ಚಿನ ಕಡೆ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಅಷ್ಟೇ. ಅಂಗಾಲು, ಅಂಗೈಯಲ್ಲಿ ಮಾತ್ರ ಬಹಳ ದಪ್ಪ. ಓದುವ ಪುಸ್ತಕಗಳಲ್ಲಿ ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸ್ತಾರೆ. ಸತ್ತ ಕೋಶಗಳು ಇಟ್ಟಿಗೆ, ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಸೇರಿದ ಗಾರೆ. ಇಟ್ಟಿಗೆಯ ಒಳಗೆ ನೀರು ಹಿಡಿದಿಡೋಕೆ ಅಮೈನೋ ಆಮ್ಲ, ಯೂರಿಯಾ, ಲ್ಯಾಕ್ಟೇಟ್ ತರಹದ ಸಣ್ಣ ಸಣ್ಣ ವಸ್ತುಗಳಿವೆ. ಈ ಪದರದಲ್ಲಿ ನೀರಿನ ಪ್ರಮಾಣ ಸುಮಾರು ಶೇಕಡಾ 10ಕ್ಕಿಂತ ಕೆಳಗಿಳಿದರೆ ಚರ್ಮ ಬಿರುಸಾಗುತ್ತೆ, ಹೊಟ್ಟೇಳುತ್ತೆ, ಉಗುರಲ್ಲಿ ಗೀರಿದರೆ ಬಿಳೀ ಗೆರೆ ಬೀಳುತ್ತೆ. ಸ್ಕೂಲಲ್ಲಿ ಚಳಿಗಾಲದಲ್ಲಿ ಒಬ್ಬರ ಕಾಲ ಮೇಲೆ ಒಬ್ಬರು ಹೆಸರು ಬರೀತಿದ್ವಲ್ಲ, ಅದೇ.

1952ರಲ್ಲಿ ಅಮೆರಿಕದ ಇರ್ವಿನ್ ಬ್ಲಾಂಕ್ ಅನ್ನುವ ವಿಜ್ಞಾನಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜಡ್ಡುಗಟ್ಟಿದ ಚರ್ಮದ ಒಣ ತುಣುಕುಗಳನ್ನು ಎಣ್ಣೆ ಜಿಡ್ಡುಗಳಲ್ಲಿ ಇಟ್ಟು ನೋಡಿದರು. ಮೆತ್ತಗಾಗಲಿಲ್ಲ. ನೀರು ಸಿಕ್ಕಾಗ ಮೆತ್ತಗಾಯಿತು. ಅಂದ್ರೆ ಚರ್ಮ ಮೃದುವಾಗೋದು ನೀರಿನಿಂದ, ಎಣ್ಣೆಯಿಂದಲ್ಲ. ಎಣ್ಣೆಯ ಕೆಲಸ ಆ ನೀರು ಹಾರಿಹೋಗದ ಹಾಗೆ ಮೇಲಿಂದ ಮುಚ್ಚೋದು. ಈ ಒಂದು ಮಾತು ಅರ್ಥವಾದರೆ ಅಂಗಡಿಯ ಅರ್ಧ ಶೆಲ್ಫು ಅರ್ಥವಾದ ಹಾಗೆ.

ಯಾಕಂದ್ರೆ ಆ ಶೆಲ್ಫಿನ ಹತ್ತಾರು ಬಾಟಲಿಗಳಲ್ಲಿ ತೇವಕ್ಕೆ ಸಂಬಂಧಪಟ್ಟ ಸಾಮಾನು ಮುಖ್ಯವಾಗಿ ಮೂರೇ ಬಗೆ. ನೀರನ್ನು ಹಿಡಿದುಕೊಳ್ಳೋವು: ಗ್ಲಿಸರಿನ್, ಯೂರಿಯಾ, ಹಯಲುರೊನಿಕ್ ಆಸಿಡ್. ಇಟ್ಟಿಗೆಗಳ ನಡುವಿನ ಸಂದು ತುಂಬೋವು: ಸೆರಮೈಡ್, ಕೊಬ್ಬಿನಂಶಗಳು, ಕೆಲವು ಎಣ್ಣೆಗಳು. ಮೇಲೆ ಮುಚ್ಚಳ ಹಾಕೋವು: ಪೆಟ್ರೋಲಿಯಂ ಜೆಲ್ಲಿ, ಮೇಣ, ಮಿನರಲ್ ಆಯಿಲ್. ಬಾಕಿಯದ್ದು ವಾಸನೆ, ಬಣ್ಣ, ಕಥೆ.

ಮೊದಲು ಗ್ಲಿಸರಿನ್. 1779ರಲ್ಲಿ ಕಾರ್ಲ್ ಶೀಲೆ ಅನ್ನುವ ಸ್ವೀಡನ್ನಿನ ರಸಾಯನ ವಿಜ್ಞಾನಿಗೆ ಆಲಿವ್ ಎಣ್ಣೆಯಿಂದ ಸಿಕ್ಕಿದ್ದು. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಸೋಪು ಮಾಡಿದಾಗ ಸೋಪಿನ ಜೊತೆಗೇ ಇದೂ ಹುಟ್ಟುತ್ತೆ. ದೊಡ್ಡ ಕಾರ್ಖಾನೆಗಳು ಇದನ್ನು ಬೇರ್ಪಡಿಸಿ ಮಾರ್ತವೆ. ತಮಾಷೆ ನೋಡಿ, ಸೋಪು ಹಾಕಿ ಮೈ ಒಣಗಿಸ್ಕೊಂಡು, ಅದರ ಜೊತೆ ಹುಟ್ಟಿದ್ದನ್ನೇ ಇನ್ನೊಂದು ಅಂಗಡಿಯಿಂದ ತಂದು ಹಚ್ಚಿಕೊಳ್ತೀವಿ. ಗ್ಲಿಸರಿನ್ ಅಣು ಬಹಳ ಚಿಕ್ಕದು, ಮೇಲಿನ ಪದರದ ಒಳಗೆ ಇಳಿಯುತ್ತೆ. ನಮ್ಮ ಚರ್ಮ ತಾನೇ ಅದನ್ನು ಬಳಸುತ್ತೆ ಕೂಡ. ಗ್ಲಿಸರಿನ್ ಸಾಗಿಸುವ ಒಂದು ಪ್ರೋಟೀನ್ ಇಲ್ಲದ ಇಲಿಗಳ ಚರ್ಮ ಒಣಗಿರುತ್ತೆ, ಗ್ಲಿಸರಿನ್ ಕೊಟ್ಟರೆ ಸರಿಹೋಗುತ್ತೆ ಅಂತ 2003ರಲ್ಲಿ ತೋರಿಸಿದ್ದಾರೆ. ಒಂದು ತೊಟ್ಟನ್ನು ತಟ್ಟೆಯ ಮೇಲೆ ಬಿಟ್ಟು ಫ್ಯಾನ್ ಹಾಕಿ, ನಾಳೆ ನೋಡಿದರೂ ಒಣಗಿರಲ್ಲ. ಇಷ್ಟೆಲ್ಲ ಗುಣ ಇರೋದಕ್ಕೆ ಒಂದು ಮಸಾಲೆ ದೋಸೆ, ಒಂದು ಕಾಫಿಯ ಆಸುಪಾಸಿನ ದುಡ್ಡು.

ಈಗ ಹಯಲುರೊನಿಕ್ ಆಸಿಡ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದ್ದು. ಆಮೇಲೆ ಹುಂಜದ ಜುಟ್ಟಿನಿಂದ ತೆಗೀತಿದ್ರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ತೆಗೀತಾರೆ. ನಮ್ಮ ಕೀಲುಗಳಲ್ಲಿ, ಚರ್ಮದ ಒಳಪದರದಲ್ಲಿ ಅದು ಇದೆ, ಮುಖ್ಯವಾದ ಕೆಲಸವನ್ನೇ ಮಾಡುತ್ತೆ. ನನ್ನ ಜಗಳ ಅದರ ಜೊತೆ ಅಲ್ಲ, "ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತೆ" ಅನ್ನೋ ಜಾಹೀರಾತಿನ ಜೊತೆ.

ಲೆಕ್ಕ ಹಾಕೋಣ, ಹೇಗೂ ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ಶೇಕಡಾ 1ರ ಸೀರಮ್ ಅಂದ್ರೆ ನೂರು ಗ್ರಾಮಿನಲ್ಲಿ ಒಂದು ಗ್ರಾಂ ಆಸಿಡ್, ಉಳಿದದ್ದು ಬಹುಪಾಲು ನೀರು. ಜಾಹೀರಾತಿನ ಪ್ರಕಾರ ಆ ಒಂದು ಗ್ರಾಂ ಇನ್ನೂ ಒಂಬೈನೂರು ಗ್ರಾಂ ನೀರಿಗಾಗಿ ಒಣಗಿದ ಸ್ಪಂಜಿನ ಹಾಗೆ ಬಾಯಿಬಿಡ್ತಿರಬೇಕಿತ್ತು. ಆದ್ರೆ ಬಾಟಲಿ ಬಗ್ಗಿಸಿದರೆ ಲೋಳೆ ಲೋಳೆಯಾಗಿ ಅಂಗೈಗೆ ಹರಿಯುತ್ತೆ. ನೀರಲ್ಲಿ ಕರಗಿ ನೀರನ್ನು ಮಂದ ಮಾಡೋದು ಬೇರೆ, ನೀರು ಆವಿಯಾಗದ ಹಾಗೆ ಕಟ್ಟಿಹಾಕೋದು ಬೇರೆ. ಅಲ್ಲದೆ ಅದರ ದೊಡ್ಡ ಅಣುಗಳು ಚರ್ಮದ ಮೇಲೇ ಕೂರುತ್ತವೆ, ಒಳಗೆ ಇಳಿಯೋಕೆ ಆಗಲ್ಲ. ಮೇಲೆ ಕೂತು ನುಣುಪು ಕೊಡುತ್ತೆ, ಜಿಡ್ಡಿಲ್ಲ, ಎಣ್ಣೆ ಮುಖದವರಿಗೆ ಹಿತ. ಅಷ್ಟು ಒಪ್ತೀನಿ.

ಇನ್ನೊಂದು ಕೆಲಸ ಮಾಡಿ. ಆ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ. ನಮ್ಮ ದೇಶದ ನಿಯಮದಲ್ಲಿ ಶೇಕಡಾ 1ಕ್ಕಿಂತ ಹೆಚ್ಚಿರುವ ಸಾಮಾನನ್ನೆಲ್ಲ ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲೇ ಬರೀಬೇಕು. ಮೊದಲು ಆಕ್ವಾ ಅಂತ ಇರುತ್ತೆ, ಅಂದ್ರೆ ನೀರು. ಎರಡನೆಯದೋ ಮೂರನೆಯದೋ ಬಹಳ ಸಲ ಯಾವುದು ಗೊತ್ತಾ? ಗ್ಲಿಸರಿನ್! ಮುಂದೆ ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿಸಿಕೊಂಡವನು ಹಿಂದೆ ಪಟ್ಟಿಯ ಕೊನೇಲಿ, ಕೆಲಸ ಮಾಡೋನು ಎರಡನೇ ಸಾಲಲ್ಲಿ. ನಮ್ಮ ಆಫೀಸಿನ ಅಪ್ರೈಸಲ್ ಥರಾನೇ :-) ಇನ್ನೊಂದು ಸುಳಿವು ಹೇಳ್ತೀನಿ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಅಂತ ಇದ್ದರೆ ಅದು ಕೆಡದಂತೆ ಹಾಕೋ ಸಾಮಾನು, ಅದಕ್ಕೆ ಶೇಕಡಾ 1ರ ಮಿತಿ ಇದೆ. ಹಾಗಾಗಿ ಅದರ ನಂತರ ಬರೆದ ಚಿನ್ನ, ಕೇಸರಿ, ಕಮಲದ ಸಾರ ಎಲ್ಲವೂ ಹೆಚ್ಚೆಂದರೆ ಅಷ್ಟೇ, ಅಥವಾ ಅದಕ್ಕೂ ಕಡಿಮೆ.

ಮುಚ್ಚಳದ ಕಥೆಯೂ ಹಳೇದೇ. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಅನ್ನುವ ಯುವಕ ಪೆನ್ಸಿಲ್ವೇನಿಯಾದ ತೈಲ ಬಾವಿಗಳಿಗೆ ಹೋಗಿದ್ದ. ಪಂಪಿನ ರಾಡುಗಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಕಸವನ್ನು ಅಲ್ಲಿನ ಕೆಲಸಗಾರರು ಸುಟ್ಟಗಾಯ, ಕೊಯ್ದಗಾಯಗಳಿಗೆ ಬಳಿದುಕೊಳ್ಳೋದನ್ನು ನೋಡಿದ. ಅದನ್ನೇ ಶುದ್ಧ ಮಾಡಿ 1872ರಲ್ಲಿ ವ್ಯಾಸಲೀನ್ ಹೆಸರಲ್ಲಿ ಪೇಟೆಂಟ್ ತಗೊಂಡ. ನೀರು ಆವಿಯಾಗೋದನ್ನು ತಡೆಯೋದರಲ್ಲಿ ಇವತ್ತಿಗೂ ಅದನ್ನು ಮೀರಿಸುವಂಥದ್ದು ಸಿಗೋದು ಕಷ್ಟ. ಕೊಬ್ಬರಿ ಎಣ್ಣೆ ಬಿಟ್ಟುಬಿಟ್ರಲ್ಲ ಅಂತ ಕರಾವಳಿಯವರು ಕೋಪ ಮಾಡ್ಕೋಬೇಡಿ. ಒಣಚರ್ಮದವರ ಮೇಲೆ ಫಿಲಿಪೀನ್ಸಿನಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆಯಲ್ಲಿ ಅದು ಮಿನರಲ್ ಆಯಿಲ್ಲಿನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಮೊಡವೆ ಬರೋ ಮುಖಕ್ಕೆ ಮಾತ್ರ ಬೇಡ, ಕೈಕಾಲಿಗೆ ಧಾರಾಳವಾಗಿ ಹಚ್ಚಿ. ಆದ್ರೆ ಬ್ಲಾಂಕ್ ಹೇಳಿದ್ದು ನೆನಪಿರಲಿ. ಒಣ ಮೈಗೆ ಎಣ್ಣೆ ಬಳಿದರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಸ್ನಾನ ಮಾಡಿ, ಟವೆಲ್ಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಪಸೆ ಪಸೆ ಇರುವಾಗಲೇ ಎರಡು ಮೂರು ನಿಮಿಷದೊಳಗೆ ಹಚ್ಚಬೇಕು.

"ಇದೆಲ್ಲ ಯಾಕೆ, ಮೂರು ಲೀಟರ್ ನೀರು ಕುಡೀರಿ ಸಾಕು" ಅಂತ ಒಬ್ಬರಾದರೂ ಹೇಳೇ ಹೇಳ್ತಾರೆ. ಕುಡೀರಿ, ಕಿಡ್ನಿಗೆ ಒಳ್ಳೇದು. ಆದ್ರೆ ಬಾಯಾರಿಕೆಗೆ ತಕ್ಕಷ್ಟು ಕುಡಿಯೋ ಮನುಷ್ಯ ಇನ್ನೆರಡು ಲೀಟರ್ ಜಾಸ್ತಿ ಕುಡಿದರೆ ಅದು ಹೋಗೋದು ಬಾತ್‌ರೂಮಿಗೆ, ಒಡೆದ ಹಿಮ್ಮಡಿಗಲ್ಲ. ಮೇಲಿನ ಪದರದ ನೀರು ಉಳಿಯುತ್ತೋ ಹಾರಿಹೋಗುತ್ತೋ ಅನ್ನೋದನ್ನು ಬಹುಮಟ್ಟಿಗೆ ತೀರ್ಮಾನ ಮಾಡೋದು ಆ ಗೋಡೆ ಗಟ್ಟಿಯಾಗಿದೆಯಾ, ಹೊರಗಿನ ಗಾಳಿ ಎಷ್ಟು ಒಣಗಿದೆ ಅನ್ನೋದು. ಎಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕುತ್ತಲ್ಲ ನೀರು, ಅದು ಬಂದದ್ದು ನಾವು ಕೂತಿರೋ ಕೋಣೆಯ ಗಾಳಿಯಿಂದಾನೇ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯೋದುಂಟು, ಅದರ ಮೇಲೆ ಹತ್ತು ಗಂಟೆ ಎಸಿ. ಮಂಗಳೂರಿನವರಿಗೆ ಜಿಡ್ಡು ಅನ್ನಿಸೋ ಕ್ರೀಮು ಕಲಬುರಗಿಯವರಿಗೆ ಸಾಲದೇ ಹೋಗೋದು ಇದಕ್ಕೇ. ಯಾರೋ ಸೋಲ್‌ನಲ್ಲಿ ಕೂತು ಬರೆದ ಹತ್ತು ಮೆಟ್ಟಿಲಿನ ಪಟ್ಟಿಯನ್ನು ಊರು ನೋಡದೆ ಪಾಲಿಸೋದರಲ್ಲಿ ಅರ್ಥ ಇಲ್ಲ.

*

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ನಮ್ಮಜ್ಜಿ ಇರೋದು ಚಿತ್ರದುರ್ಗದ ಕಡೆ ಹಳ್ಳಿಯಲ್ಲಿ. ವಯಸ್ಸು ಎಪ್ಪತ್ತೆಂಟು, ಸಕ್ಕರೆ ಕಾಯಿಲೆ ಇದೆ. ಬೋರ್‌ವೆಲ್ಲಿನ ಗಡಸು ನೀರು, ಕೆಂಪು ಸೋಪು, ಸುಡು ಸುಡು ಬಿಸಿನೀರ ಸ್ನಾನ. ಡಿಸೆಂಬರ್ ಬಂತು ಅಂದ್ರೆ ಮೊಣಕಾಲಿಂದ ಕೆಳಗೆ ಮೀನಿನ ಪೊರೆಯ ಹಾಗೆ ಆಗುತ್ತೆ. "ರಾತ್ರಿಯೆಲ್ಲ ನವೆ ಕಣಪ್ಪಾ, ಕೆರಕೊಂಡೂ ಕೆರಕೊಂಡೂ ನಿದ್ದೇನೇ ಇಲ್ಲ" ಅಂತಿದ್ರು. ಊರಿನ ಅಂಗಡಿಯವನೊಬ್ಬ ತುರಿಕೆಗೆ ಅಂತ ಒಂದು ಟ್ಯೂಬ್ ಕೊಟ್ಟಿದ್ದ. ಓದಿದರೆ ಸ್ಟೀರಾಯ್ಡ್. ದಿನಾ ಹಚ್ಚುತ್ತಾ ಹೋದರೆ ಮೊದಲೇ ತೆಳುವಾದ ಮುದಿ ಚರ್ಮವನ್ನು ಇನ್ನೂ ತೆಳು ಮಾಡೋ ಸಾಮಾನು. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಕೇಳೋರು ಯಾರು?

ಮುದುಕರ ಕಾಲು ಒಣಗೋದನ್ನು ನಾವು "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡ್ತೀವಿ. ಆದ್ರೆ ಒಣಗಿದ ಚರ್ಮ ಅಂದ್ರೆ ಬಿರುಕು ಬಿಟ್ಟ ಗೋಡೆ. ಕೆರೆದರೆ ಗಾಯ, ಗಾಯದೊಳಗೆ ಸೋಂಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಹಿಮ್ಮಡಿಯ ಸಣ್ಣ ಸೀಳು ಹುಣ್ಣಾಗಿ, ಹುಣ್ಣು ಬೆರಳು ತೆಗೆಯೋವರೆಗೆ ಹೋದ ಕಥೆ ಯಾವ ಊರಲ್ಲಿಲ್ಲ ಹೇಳಿ? ಆಸ್ಟ್ರೇಲಿಯಾದ ವೃದ್ಧಾಶ್ರಮಗಳಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಅಲ್ಲಿ ಮಾಡಿದ್ದು ಇಷ್ಟೇ, ಹಿರಿಯರ ಕೈಕಾಲಿಗೆ ದಿನಕ್ಕೆ ಎರಡು ಸಲ ಮಾಯಿಶ್ಚರೈಸರ್ ಹಚ್ಚಿದರು. ಚರ್ಮ ಹರಿದು ಆಗುವ ಗಾಯಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದವು. ಕಾಂತಿ, ಗ್ಲೋ ಇದ್ಯಾವುದರ ಲೆಕ್ಕವೂ ಅಲ್ಲ, ಗಾಯದ ಲೆಕ್ಕ.

ಅಜ್ಜಿಯನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಬರೆದುಕೊಟ್ಟದ್ದು ಶೇಕಡಾ 10ರ ಯೂರಿಯಾ ಕ್ರೀಮು, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸೋಪು ಕಂಕುಳು ಮತ್ತು ತೊಡೆಸಂದಿಗೆ ಮಾತ್ರ. ಯೂರಿಯಾ ಅಂದ ಕೂಡಲೇ ಅಜ್ಜಿ "ರಾಗಿಗೆ ಹಾಕೋದನ್ನ ನನ್ನ ಕಾಲಿಗೆ ಹಾಕ್ತಾನಂತಾ?" ಅಂದ್ರು :-) ಅಣು ಅದೇ, ಅಜ್ಜಿ ಹೇಳಿದ್ದು ತಪ್ಪಲ್ಲ. ಹಾಗಂತ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ ಮತ್ತೆ. ನಮ್ಮ ಚರ್ಮದಲ್ಲೇ ಇರೋ ವಸ್ತು ಅದು, ನೀರು ಹಿಡಿಯುತ್ತೆ. ಪ್ರಮಾಣ ಹೆಚ್ಚಿಸಿದರೆ ದಪ್ಪ ಹಿಮ್ಮಡಿಯ ಜಡ್ಡನ್ನೂ ಕರಗಿಸುತ್ತೆ. ಹಸಿ ಸೀಳಿಗೆ ತಾಗಿದರೆ ಉರಿಯುತ್ತೆ, ಅಲ್ಲಿ ಪೆಟ್ರೋಲಿಯಂ ಜೆಲ್ಲಿ ಸಾಕು. ಸಕ್ಕರೆ ಕಾಯಿಲೆಯವರು ಬೆರಳ ಸಂದಿಗೆ ಮಾತ್ರ ಯಾವ ಕ್ರೀಮನ್ನೂ ಹಚ್ಚಬಾರದು, ಅಲ್ಲಿ ಒಣಗಿರಬೇಕು. ಹಚ್ಚೋದು ಬಚ್ಚಲಿನ ಹೊರಗೆ ಕೂತುಕೊಂಡೇ, ಜಾರಿ ಬಿದ್ದರೆ ಇನ್ನೊಂದು ರಾಮಾಯಣ. ಮೂರು ವಾರದಲ್ಲಿ ಅಜ್ಜಿಯ ನವೆ ತಗ್ಗಿತು. ಅಷ್ಟು ವರ್ಷ ಅವರು ನಿದ್ದೆಗೆಟ್ಟಿದ್ದು ಒಂದು ಟ್ಯೂಬ್ ಕ್ರೀಮಿನ ವಿಷಯಕ್ಕಾ ಅಂತ ನನಗೆ ಬೇಜಾರಾಯಿತು.

ಅವರಿಗೆ ಇದನ್ನು ಯಾರೂ ಯಾಕೆ ಹೇಳಿರಲಿಲ್ಲ? ಕ್ರೀಮು ಅಂದ್ರೆ ನಮ್ಮ ದೇಶದಲ್ಲಿ ಬೆಳ್ಳಗಾಗೋದು ಅಂತಲೇ ಅರ್ಥ ಆಗಿಹೋಗಿತ್ತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಆದ್ರೆ ಕ್ರೀಮು ಅಂದ್ರೆ ಚಂದ ಕಾಣೋಕೆ, ಮದುವೆಗೆ ಮುಂಚೆ ಬೇಕಾದ್ದು ಅನ್ನೋ ಭಾವನೆ ಮನೆಗಳಲ್ಲಿ ಹಾಗೇ ಇದೆ. ಆದ್ದರಿಂದಲೇ ಅಜ್ಜಿ ಕ್ರೀಮು ಹಚ್ಚಿಕೊಂಡರೆ "ಈ ವಯಸ್ಸಲ್ಲಿ ಏನು ಸಿಂಗಾರ" ಅನ್ನೋ ನಗು. ದಿನಾ ಐವತ್ತು ಪಾತ್ರೆ ತಿಕ್ಕಿ ಕೈ ಬಿರುಕು ಬಿಟ್ಟ ಕೆಲಸದವರು ಹಚ್ಚಿಕೊಂಡರೂ ಅದೇ ನಗು. ಗಾರೆ ಕೆಲಸದವರು ಸಿಮೆಂಟ್ ಕಲಸಿ ಅಂಗೈ ಒಡೆದುಕೊಂಡರೆ ಗಂಡಸರು ಅಂತ ಕ್ರೀಮಿನ ಯೋಚನೆಯೇ ಇಲ್ಲ. ಸೀರಮ್ಮಿನ ಜಾಹೀರಾತಿನಲ್ಲಿ ಇವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ.

ಹಾಗಾದ್ರೆ ದಿನಾ ಏನು ಮಾಡಬೇಕು? ನನ್ನ ಮಟ್ಟಿಗೆ ಇಷ್ಟು ಸಾಕು:

೧. ಸೋಪು ಕಡಿಮೆ. ಚರ್ಮ ಸ್ವಲ್ಪ ಆಮ್ಲೀಯ, ಪಿಹೆಚ್ 5ರ ಆಸುಪಾಸು. ಮಾಮೂಲಿ ಸೋಪಿನದು 9ರಿಂದ 10. ಬೆವರು, ಕೊಳೆ ಇರುವ ಕಡೆಗೆ ಮಾತ್ರ ಹಾಕಿ. ಕುದಿಯುವ ನೀರು ಬೇಡ.

೨. ಪಸೆ ಇರುವಾಗಲೇ ಗ್ಲಿಸರಿನ್ ಇರುವ ಯಾವುದಾದರೂ ಸಾದಾ, ವಾಸನೆಯಿಲ್ಲದ ಲೋಶನ್. ಬರೀ ಗ್ಲಿಸರಿನ್ ಆದರೆ ಹಾಗೇ ಬಳೀಬೇಡಿ, ಅಂಟಂಟಾಗುತ್ತೆ. ಒದ್ದೆ ಅಂಗೈಗೆ ಎರಡು ಮೂರು ತೊಟ್ಟು ಹಾಕಿ ಉಜ್ಜಿ ಹಚ್ಚಿ. ನಮ್ಮ ಅಮ್ಮಂದಿರು ರೋಸ್ ವಾಟರ್ ಬೆರೆಸ್ತಿದ್ದದ್ದು ಇದಕ್ಕೇ. ಬೆರೆಸಿ ವಾರಗಟ್ಟಲೆ ಇಡಬೇಡಿ, ಕೆಡುತ್ತೆ.

೩. ಹಿಮ್ಮಡಿ, ಮೊಣಕೈ, ತುಟಿಗೆ ರಾತ್ರಿ ಪೆಟ್ರೋಲಿಯಂ ಜೆಲ್ಲಿ. ದಪ್ಪ ಒಡೆದ ಹಿಮ್ಮಡಿಗೆ ಯೂರಿಯಾ ಕ್ರೀಮು.

೪. ಇಷ್ಟು ಮಾಡಿಯೂ ಎರಡು ಮೂರು ವಾರದಲ್ಲಿ ತಗ್ಗದ ನವೆ, ಕೆಂಪು, ಬಿರುಕು ಇದ್ದರೆ ಡಾಕ್ಟರಿಗೆ ತೋರಿಸಿ. ಇಸುಬು ಇರಬಹುದು, ಥೈರಾಯ್ಡ್ ಇರಬಹುದು. ಅಂಗಡಿಯವನು ಕೊಟ್ಟ ಟ್ಯೂಬಂತೂ ಬೇಡ.

ಇದರ ಮೇಲೆ ಸೆರಮೈಡ್ ಇರುವ ಕ್ರೀಮು ಕೊಳ್ಳೋ ಶಕ್ತಿ ಇದ್ದರೆ ಕೊಳ್ಳಿ, ಒಳ್ಳೇದೇ. ಸೀರಮ್ ಹಚ್ಚಿದರೆ ಖುಷಿ ಸಿಗುತ್ತೆ ಅನ್ನೋದಾದರೆ ಅದನ್ನೂ ಹಚ್ಚಿ, ನಿಮ್ಮ ದುಡ್ಡು, ನಿಮ್ಮ ಮುಖ. ಎಕ್ಸೆಲ್ ಶೀಟಿನ ಹುಡುಗಿಗೂ ಇದನ್ನೇ ಹೇಳಿದೆ. ಒಂದು ಬಾಟಲಿ ಕಡಿಮೆ ಮಾಡಿ ಅದೇ ದುಡ್ಡಲ್ಲಿ ಊರಲ್ಲಿರೋ ಅವರಮ್ಮನಿಗೆ ಒಂದು ದೊಡ್ಡ ಡಬ್ಬಿ ಮಾಯಿಶ್ಚರೈಸರ್ ತಗೊಂಡು ಹೋಗು ಅಂತ. "ಅಮ್ಮ ಹಚ್ಚಿಕೊಳ್ಳಲ್ಲ, ಇಟ್ಟುಬಿಡ್ತಾಳೆ" ಅಂದಳು.

ಅದೂ ನಿಜ. ತಂದುಕೊಟ್ಟರೆ ನಮ್ಮ ಹಿರಿಯರು ಬೀರುವಿನಲ್ಲಿಟ್ಟು ಮರೀತಾರೆ. ಅದಕ್ಕೇ ಸಲ ಸಲ ಊರಿಗೆ ಹೋದಾಗ ಅವರನ್ನು ಕೂರಿಸಿ, ಕಾಲನ್ನು ಕೈಗೆ ತಗೊಂಡು ನಾವೇ ಹಚ್ಚಬೇಕು. ಹಚ್ಚುವಾಗ ಅಂಗಾಲು ಒಮ್ಮೆ ನೋಡಿ, ಸೀಳು, ಗುಳ್ಳೆ, ಕಪ್ಪಾದ ಉಗುರು ಏನಾದರೂ ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತೆ. ಐದು ನಿಮಿಷದ ಕೆಲಸ. ನಿಮ್ಮ ಮನೆಯ ಹಿರಿಯರ ಕಾಲು ನೀವು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ?